ಅಂಚು ಹೊಲಿದ ಅಮ್ಮ ಅಕ್ಷರ ಓದಲಿಲ್ಲ

ಸಂಜೆ ಬಸ್ಸು ನಿಂತಾಗಿನಿಂದ ಟೈಲರಮ್ಮನ ಮನೆ ಬಿಕೋ ಎನ್ನುತ್ತಿತ್ತು.

ಕಾಲೇಜಿನಲ್ಲಿ ಲ್ಯಾಬು ಮುಗಿಯುವ ಹೊತ್ತಿಗೆ ಊರಿಗೆ ಬರಲು ಇದ್ದದ್ದು ಅದೊಂದೇ ಬಸ್ಸು. ಅದನ್ನೂ ನಿಲ್ಲಿಸಿಬಿಟ್ಟರು. ಯಾಕೆಂದು ಕೇಳಿದರೆ "ಮೇಲಿನವರ ಆರ್ಡರು" ಎನ್ನುತ್ತಾರೆ. ಆ ಮೇಲಿನವರು ಎಷ್ಟು ಮೇಲಿದ್ದಾರೋ, ಕತ್ತೆತ್ತಿ ನೋಡಿದರೂ ಕಾಣುವುದಿಲ್ಲ. ಊರಿನ ಕೆಲವು ಹುಡುಗಿಯರು ಓದನ್ನೇ ಬಿಟ್ಟರು. ಟೈಲರಮ್ಮನ ಮಗಳು ಹಟಮಾರಿ, ಗಂಟುಮೂಟೆ ಕಟ್ಟಿಕೊಂಡು ಹಾಸ್ಟೆಲ್ಲು ಸೇರಿದಳು.

ಆ ಮನೆಯಲ್ಲಿದ್ದದ್ದೇ ಅವರಿಬ್ಬರು. ಮೊದಲೆಲ್ಲ ಸಂಜೆಯಾದರೆ ಮಗಳು ಚೀಲ ಮೂಲೆಗೆಸೆದು, ಹೊಲಿಗೆ ಮೆಷಿನ್ನಿನ ಪಕ್ಕ ನೆಲಕ್ಕೆ ಕೂತು, ಕಾಲೇಜಿನ ಸುದ್ದಿಗೆಲ್ಲ ಉಪ್ಪುಖಾರ ಹಚ್ಚಿ ಹೇಳುತ್ತಿದ್ದಳು. ಹೇಳುತ್ತಲೇ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಈಗ ಟೈಲರಮ್ಮ ಕನ್ನಡಕ ಏರಿಸಿ, ದಾರದ ತುದಿ ಒದ್ದೆ ಮಾಡಿ, ತಾನೇ ತಡಕಾಡಬೇಕು. ಬಸ್ಸು ಬರುವುದಿಲ್ಲವೆಂದು ಗೊತ್ತಿದ್ದೂ ಆ ಹೊತ್ತಿಗೆ ಮೆಷಿನ್ನು ನಿಲ್ಲಿಸಿ ರಸ್ತೆ ನೋಡುತ್ತಿದ್ದಳು. ಹೆತ್ತ ಕರುಳಿಗೆ ಯಾವ ಆರ್ಡರು?

ಒಂದು ಭಾನುವಾರ ಮನೆಗೆ ಬಂದ ಮಗಳು ಉದ್ದನೆಯ ಬಿಳಿ ಬಟ್ಟೆಯೊಂದನ್ನು ಹಾಸಿದಳು.

"ಅಮ್ಮಾ, ಇದಕ್ಕೆ ಸುತ್ತ ಅಂಚು ಹೊಲ್ದು ಕೊಡೇ."

ಕಾಲೇಜಿನ ನಾಟಕದ ಪರದೆ ಇರಬೇಕೆಂದು ಟೈಲರಮ್ಮ ತಾನೇ ಅಂದುಕೊಂಡಳು, ಕೇಳಲಿಲ್ಲ. ಮಗಳ ಕೈಯಲ್ಲಿ ಹೋಗುವ ಬಟ್ಟೆಯಲ್ಲವೇ ಎಂದು ಕೆಂಪು ದಾರ ಹಾಕಿ ಜೋಡಿ ಹೊಲಿಗೆ ಹೊಡೆದಳು. ಸುತ್ತಮುತ್ತ ಯಾರೂ ಹಾಗೆ ಹೊಲಿಯುವುದಿಲ್ಲ.

ಅದಾಗಿ ಒಂದು ವಾರಕ್ಕೆ, ಪಕ್ಕದಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಅವಳ ತಮ್ಮ ಏದುಸಿರು ಬಿಡುತ್ತ ಬಂದ.

"ಅಕ್ಕಾ, ನೋಡು ನಿನ್ನ ಮಗಳ ಘನಂದಾರಿ ಕೆಲಸ!"

ಅವನ ಫೋನಿನಲ್ಲೊಂದು ಫೋಟೊ. ಯಾವುದೋ ಆಫೀಸಿನ ಮುಂದೆ ಹುಡುಗ ಹುಡುಗಿಯರು ಬ್ಯಾನರ್ ಹಿಡಿದು ಕೂತಿದ್ದಾರೆ. ಟೈಲರಮ್ಮನ ಕಣ್ಣು ಮೊದಲು ಹೋದದ್ದು ಬಟ್ಟೆಯ ಅಂಚಿಗೆ. ಕೆಂಪು ದಾರ, ಜೋಡಿ ಹೊಲಿಗೆ! ಆಮೇಲೆ ಅದನ್ನು ಹಿಡಿದಿದ್ದ ಮಗಳ ಮುಖಕ್ಕೆ, ಆಮೇಲೆ ಹಿಂದೆ ನಿಂತ ಪೊಲೀಸರಿಗೆ. ಬಟ್ಟೆಯ ನಡುವೆ ಏನು ಬರೆದಿದೆ ಎಂದು ಅವಳು ನೋಡಲೇ ಇಲ್ಲ.

"ಇವತ್ತು ಘೋಷಣೆ, ನಾಳೆ ಕಲ್ಲು, ನಾಡಿದ್ದು ಜೈಲು" ಎಂದು ತಮ್ಮ ಬೆಂಕಿಗೆ ತುಪ್ಪ ಸುರಿದ.

ಟೈಲರಮ್ಮ ನಿಂತ ಕಾಲಲ್ಲೇ ಮಗಳಿಗೆ ಫೋನು ಮಾಡಿದಳು. "ನನ್ನ ಕೈಲೇ ಹೊಲಿಸ್ಕೊಂಡು ಬೀದೀಲಿ ಕೂತ್ಕೊಂಡ್ಯಾ?"

"ಅಮ್ಮಾ, ಯಾತಕ್ಕೆ ಅಂತ ಒಂದ್ಸಲ ಕೇಳು."

"ಯಾತಕ್ಕಾದ್ರೂ ಇರ್ಲಿ! ಅದನ್ನ ಬಿಡೋವರೆಗೂ ಈ ಹೊಸ್ತಿಲು ತುಳೀಬೇಡ."

ಫೋನು ಕಟ್ಟಾಯಿತು.

ಮುಂದಿನ ಭಾನುವಾರ ಮಗಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಟೈಲರಮ್ಮ ಮಗಳಿಗೆಂದು ಒಂದು ಅಂಗಿ ಕತ್ತರಿಸಿಟ್ಟಿದ್ದಳು. ತೋಳಿಗೆ ಅಳತೆ ಸಿಗದೆ ಅದು ಅರ್ಧಕ್ಕೇ ನಿಂತಿತ್ತು. ದಿನಾ ಅದನ್ನು ಬಿಡಿಸಿ ನೋಡುವಳು, ಮಡಚಿಡುವಳು. ಫೋನು ಕೈಗೆತ್ತಿಕೊಳ್ಳುವಳು, ಮೊದಲು ಅವಳೇ ಮಾಡಲಿ ಎಂಬ ಬಿಂಕಕ್ಕೆ ಕೆಳಗಿಡುವಳು. ಆ ಬಿಂಕ ಅವಳನ್ನೇ ತಿನ್ನುತ್ತಿತ್ತು.

ಹೀಗಿರುವಾಗ ಎದುರುಮನೆಯ ಕಂಡಕ್ಟರಕ್ಕ ತನ್ನ ಖಾಕಿ ಅಂಗಿಯ ಕಿತ್ತುಹೋದ ಜೇಬು ಹೊಲಿಸಲು ಬಂದಳು. ಅವಳೂ ಟೈಲರಮ್ಮನೂ ಹಳೆಯ ಗೆಳತಿಯರು.

"ಏನೇ, ಮುಖ ಹೀಗೆ ಬಾಡಿದೆ? ಮಗಳು ಬರ್ಲಿಲ್ವಾ?"

ಅಷ್ಟು ಕೇಳಿದ್ದೇ ತಡ, ಟೈಲರಮ್ಮ ಎಲ್ಲವನ್ನೂ ಕಕ್ಕಿಬಿಟ್ಟಳು. ಕಂಡಕ್ಟರಕ್ಕ ಕೊನೆತನಕ ಕೇಳಿಸಿಕೊಂಡಳು.

"ಅದ್ಸರಿ, ಬ್ಯಾನರಲ್ಲಿ ಏನ್ ಬರ್ದಿತ್ತು?"

"ನಾನೇನ್ ಕಂಡೆ? ಅಂಚು ನೋಡಿದ್ದೇ ತಲೆ ಕೆಟ್ಟೋಯ್ತು."

"ಅಯ್ಯೋ ನನ್ನ ತಾಯಿ! ಆ ಫೋಟೊ ನಮ್ಮ ಡಿಪೋ ತುಂಬಾ ಓಡಾಡ್ತಿದೆ. ತಗೋ, ಕನ್ನಡಕ ಹಾಕ್ಕೊಂಡು ಓದು."

ಫೋನಿನ ಮೇಲೆ ಎರಡು ಬೆರಳಿಟ್ಟು ಅವಳು ಫೋಟೊ ದೊಡ್ಡದು ಮಾಡಿದಳು. ಟೈಲರಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಸಂಜೆ ಬಸ್ಸು ಬಿಡಿ. ನಾವು ಮನೆಗೆ ಹೋಗಬೇಕು."

ಮತ್ತೊಮ್ಮೆ ಓದಿದಳು. ಕನ್ನಡಕ ತೆಗೆದು ಕೆಳಗಿಟ್ಟಳು.

"ಮನೆಗೆ ಹೋಗ್ಬೇಕು ಅಂತ ಬಿಸಿಲಲ್ಲಿ ಕೂತವಳಿಗೆ ನಾನು ಮನೆಗೆ ಬರಬೇಡ ಅಂದ್ಬಿಟ್ನಲ್ಲೇ!"

ಕಂಡಕ್ಟರಕ್ಕ ಅವಳ ಬೆನ್ನು ಸವರಿದಳು. ಸ್ವಲ್ಪ ಹೊತ್ತಿನ ಮೇಲೆ ಟೈಲರಮ್ಮ ಮೂಗು ಒರೆಸಿಕೊಂಡು, "ಆದ್ರೂ ಪೊಲೀಸ್ರು ಯಾಕೆ ನಿಂತಿದ್ರು?" ಎಂದಳು. ಅಮ್ಮನ ಭಯ ಅಷ್ಟು ಬೇಗ ಬಿಡುತ್ತದೆಯೇ?

"ಮಕ್ಕಳು ಮೊದ್ಲೇ ಬರ್ದು ಕೊಟ್ಟು ಅನುಮತಿ ತಗೊಂಡೇ ಕೂತಿರೋದು. ಕಾಯೋಕೆ ಪೊಲೀಸ್ರು ಬಂದಿದ್ರು. ಶಾಂತವಾಗಿ ಕೂತು ಕೇಳೋದು ಹಕ್ಕು ಕಣೇ. ಕಲ್ಲೆಸೆಯೋದು, ಗಾಜು ಒಡೆಯೋದು ತಪ್ಪು. ಬಸ್ಸಿನ ಗಾಜು ಒಡೆದ್ರೆ ಮೊದಲು ಬೈಯೋಳೇ ನಾನು. ಆ ಚೂರು ಗುಡಿಸೋದು ಯಾರು ಹೇಳು?"

ಟೈಲರಮ್ಮನಿಗೆ ಅಳುವಿನ ನಡುವೆಯೂ ನಗು ಬಂತು.

"ಅಪಾಯವೇ ಇಲ್ಲ ಅಂತ ನಾನೂ ಹೇಳಲ್ಲ. ಅದಕ್ಕೇ ಮನೇಲಿ ಹೇಳಿ ಹೋಗ್ಬೇಕು. ಜೊತೆಗಾರರನ್ನ ಬಿಟ್ಟು ಅಲ್ಲಿ ಇಲ್ಲಿ ಹೋಗ್ಬಾರದು. ಕುಡಿಯೋಕೆ ನೀರಿರ್ಬೇಕು. ಫೋನು ಕಳೆದೋದ್ರೂ ಸಿಗೋ ಹಾಗೆ ಮನೆ ನಂಬರು ತೋಳಿನ ಮೇಲೆ ಬರ್ಕೊಂಡಿರ್ಬೇಕು. ನೂಕುನುಗ್ಗಲು ಶುರುವಾಯ್ತಾ, ಎದ್ದು ಬಂದ್ಬಿಡ್ಬೇಕು. ಬರಲ್ಲ ಅಂದವರನ್ನ ಎಳ್ಕೊಂಡೂ ಹೋಗ್ಬಾರದು. ಇಷ್ಟೆಲ್ಲ ಮಕ್ಕಳಿಗೆ ಹೇಳ್ಬಹುದು. ಆದ್ರೆ ಮನೇಲಿ ಹೇಳಿ ಹೋಗು ಅಂದ್ರೆ, ಮನೇಲಿ ಕೇಳೋ ಕಿವಿ ಇರ್ಬೇಕಲ್ವಾ?"

ಟೈಲರಮ್ಮ ಅರ್ಧ ಹೊಲಿದ ಅಂಗಿಯನ್ನೂ ಅಳತೆ ಟೇಪನ್ನೂ ಚೀಲಕ್ಕೆ ಹಾಕಿದಳು.

ಮರುದಿನ ಕಂಡಕ್ಟರಕ್ಕನ ಬೆಳಗಿನ ಬಸ್ಸಿಗೇ ಹೊರಟಳು. ತಮ್ಮನೂ ಗೊಣಗುತ್ತ ಹತ್ತಿದ. "ಅಕ್ಕನ ಜೊತೆಗೆ ಅಂತ ಬಂದಿದ್ದೀನಿ, ಕೂಗೋಕಲ್ಲ" ಎಂದು ದಾರಿಯುದ್ದಕ್ಕೂ ಹೇಳಿಕೊಂಡ.

ಬಸ್ಸಿನ ಆಫೀಸಿನ ಮುಂದೆ ಮಕ್ಕಳು ಅಂದೂ ಕೂತಿದ್ದರು. ಅಮ್ಮನನ್ನು ಕಂಡದ್ದೇ ಮಗಳ ಮುಖದ ಬಣ್ಣ ಇಳಿಯಿತು. ಎಳೆದುಕೊಂಡು ಹೋಗಲು ಬಂದಿದ್ದಾಳೆ ಎಂದುಕೊಂಡಳು. ಎದ್ದು ನಿಂತಳು, ಹತ್ತಿರ ಬರಲಿಲ್ಲ.

ಟೈಲರಮ್ಮನಿಗೆ ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಟೇಪು ಹೊರತೆಗೆದಳು.

"ತೋಳು ಚಾಚು. ಅಳತೆಗೆ ಬಂದೆ."

ಮಗಳು ಬೆಪ್ಪಾಗಿ ತೋಳು ಚಾಚಿದಳು. ಸಣ್ಣಗಾಗಿತ್ತು ಆ ತೋಳು. ಅದರ ಮೇಲೆ ನೀಲಿ ಪೆನ್ನಿನಲ್ಲಿ ಒಂದು ನಂಬರು, ಬೆವರಿಗೆ ಅಳಿಸಿಹೋಗಿ, ಮತ್ತೆ ತಿದ್ದಿ ಬರೆದದ್ದು. ಟೈಲರಮ್ಮನದೇ ನಂಬರು.

"ನಾನು ಅಷ್ಟು ಬೈದಿದ್ದೀನಿ, ನನ್ನ ನಂಬರು ಯಾಕೇ ಬರ್ಕೊಂಡೆ?"

"ಮತ್ತೆ ಇನ್ಯಾರದ್ದು ಬರ್ಕೊಳ್ಲಿ ಅಮ್ಮಾ?"

ಟೇಪು ಕೈ ಜಾರಿತು. ಟೈಲರಮ್ಮ ಮಗಳನ್ನು ಬಾಚಿ ತಬ್ಬಿಕೊಂಡಳು.

ಆಮೇಲೆ ಅವಳೂ ಅಲ್ಲೇ ಕೂತಳು. ಗಾಳಿಗೆ ಬ್ಯಾನರಿನ ಅಂಚು ಒಂದು ಕಡೆ ಹರಿದಿತ್ತು. ಮಗಳು ಸೂಜಿಗೆ ದಾರ ಪೋಣಿಸಿ ಕೊಟ್ಟಳು, ಅಮ್ಮ ಹೊಲಿದಳು. ಮರದ ಕೆಳಗೆ ದೂರ ನಿಂತಿದ್ದ ತಮ್ಮ ಬ್ಯಾನರನ್ನು ಓದಿದ. ಹುಡುಗಿಯೊಬ್ಬಳ ಫೋನು ಕೆಟ್ಟಿದೆ ಎಂದು ಕೇಳಿ ಹತ್ತಿರ ಬಂದ. ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ನೀರು ಹಂಚುತ್ತಿದ್ದ. ಅಧಿಕಾರಿಯೊಬ್ಬರು ಹೊರಬಂದು ಮನವಿ ತೆಗೆದುಕೊಂಡು "ನೋಡೋಣ" ಎಂದರು.

ಸಂಜೆ ಬಸ್ಸಿಲ್ಲವಲ್ಲ, ಟೈಲರಮ್ಮ ಬೇಗನೇ ಹೊರಡಬೇಕಾಯಿತು. ಮಗಳು ಬಸ್ಸಿನ ಕಿಟಕಿ ಹಿಡಿದು ನಿಂತಿದ್ದಳು. "ಬಸ್ಸು ಬಿಟ್ಟ ದಿನವೇ ಬಾ ಅಂತಲ್ಲ ಕಣೇ. ಈ ಭಾನುವಾರವೇ ಬಾ" ಎಂದಳು ಅಮ್ಮ.

ಬಸ್ಸು ಇನ್ನೂ ಬಿಟ್ಟಿಲ್ಲ. ಸಂಜೆ ಆ ಹೊತ್ತಿಗೆ ಟೈಲರಮ್ಮ ಈಗಲೂ ಮೆಷಿನ್ನು ನಿಲ್ಲಿಸಿ ರಸ್ತೆ ನೋಡುತ್ತಾಳೆ. ಆಗ ಮಗಳ ಫೋನು ಬರುತ್ತದೆ. "ಎಲ್ಲಿ ಕೂತಿದ್ರಿ, ಏನಂದ್ರು, ಜೊತೆಗೆ ಯಾರಿದ್ರು?" ಎಂದು ಅವಳು ಒಂದೊಂದೂ ಕೇಳುತ್ತಾಳೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮಗಳೋ ಮಗನೋ ನಾಳೆ ಬ್ಯಾನರ್ ಹಿಡಿದಿರಬಹುದು. ಬೇಡ ಎನ್ನುವ ಹಕ್ಕು ನಿಮಗಿದೆ, ಹೆದರುವ ಹಕ್ಕೂ ಇದೆ. ಅದಕ್ಕೆ ಮೊದಲು "ಯಾತಕ್ಕೆ?" ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕೂತಿರಿ. ಮಕ್ಕಳೇ, ನೀವೂ ಮನೆಯಲ್ಲಿ ಮುಚ್ಚಿಡಬೇಡಿ. ಕೈಯಲ್ಲಿ ಕಲ್ಲು ಬೇಡ, ತೋಳಿನ ಮೇಲೆ ಮನೆಯ ನಂಬರಿರಲಿ. ಆ ನಂಬರಿಗೆ ನೀವು ಕರೆದಾಗ ಎತ್ತಲು ಒಬ್ಬರು ಕಾಯುತ್ತಿರುತ್ತಾರೆ.