ತುಪ್ಪಟದ ಕೋಟಿನ ವಾರಸುದಾರ

ಅಲಾಸ್ಕದ ಆ ಕರಾವಳಿಯಲ್ಲಿ ಹಾಲ್ವರ್ ಎಕರ್ನ್ ಎಂದರೆ ಇಬ್ಬರು. ಒಬ್ಬ, ಹಿಮಗಡಲಿನ ಮೇಲೆ ಮೊದಲು ವಿಮಾನ ಹಾರಿಸಿ, ಪತ್ರಿಕೆಗಳಲ್ಲೆಲ್ಲ ಮೆರೆದು, ಕೊನೆಗೆ ಅದೇ ಹಿಮದಲ್ಲಿ ವಿಮಾನದ ಸಮೇತ ಕಾಣೆಯಾದವನು. ಇನ್ನೊಬ್ಬಳು, ಅವನು ಕಾಣೆಯಾದ ಚಳಿಗಾಲದಲ್ಲೇ ಹುಟ್ಟಿದ ಮಗು, ಆ ಊರಿನ ಅಸಿಯಾನಾಳ ಮೊಮ್ಮಗಳು. ಅಲ್ಲಿಯವರ ನಂಬಿಕೆಯಲ್ಲಿ, ತೀರಿಕೊಂಡವರ ಹೆಸರನ್ನು ಹೊಸ ಕೂಸಿಗೆ ಇಟ್ಟರೆ ಅವರೇ ಮನೆಗೆ ಮರಳಿದ ಹಾಗೆ. ಗಂಡೋ ಹೆಣ್ಣೋ ಯಾರು ಕೇಳುತ್ತಾರೆ? ಬಂದಾಗೆಲ್ಲ ತನ್ನ ಮನೆಯಲ್ಲೇ ಉಳಿಯುತ್ತಿದ್ದ ಹಾಲ್ವರನನ್ನು ತಮ್ಮ ಎನ್ನುತ್ತಿದ್ದ ಅಸಿಯಾನಾ ಈ ಐದು ವರ್ಷದ ಪೋರಿಯನ್ನೂ ತಮ್ಮ ಎಂದೇ ಕರೆಯುತ್ತಾಳೆ. ಊರವರೋ, ಅವನ ತಪ್ಪಿಗೆಲ್ಲ ಇವಳನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ.

“ಏನಯ್ಯಾ, ವಿಮಾನ ಇಳಿಸ್ತೀನಂತ ನನ್ನ ಮೀನು ಒಣಹಾಕೋ ಅಟ್ಟ ಮುರಿದ್ಯಲ್ಲ!” ಎಂದು ಮುದುಕ ಕುನುಯಾಕ್ ಇವತ್ತು ಬೆಳಿಗ್ಗೆಯೂ ಗದರಿದ್ದ.

“ಮಂಜಿತ್ತು ಮಾವ, ಕಾಣ್ಲಿಲ್ಲ,” ಎಂದಿತ್ತು ಮಗು. ಯಾರು ಏನೇ ಬೈದರೂ ಅದರದು ಅದೇ ಉತ್ತರ.

ಮಧ್ಯಾಹ್ನ ಹಾಲ್ವರನ ಹೆಂಡತಿ ಸಿಗ್ನೆ ಸಿಯಾಟಲ್‌ನಿಂದ ಬಂದಿಳಿದಳು. ತೋಳು ಹೊಲಿಯಲೆಂದು ಅವನು ಅಸಿಯಾನಾಳ ಬಳಿ ಬಿಟ್ಟುಹೋಗಿದ್ದ ಹಳೆಯ ತುಪ್ಪಟದ ಕೋಟು ಮ್ಯೂಸಿಯಮ್ಮಿಗೆ ಬೇಕಂತೆ. ಅಸಿಯಾನಾ ಒಳಗಿನ ಹಾಸಿಗೆಯತ್ತ ನೋಡಿದಳು. ಮಗು ಅದನ್ನು ಹೊದ್ದೇ ಮಲಗುವುದು. ಅದೂ ಹೋದರೆ ತಮ್ಮನನ್ನು ಎರಡನೇ ಸಲ ಕಳೆದುಕೊಂಡ ಹಾಗೆ. ಗಾಜಿನ ಪೆಟ್ಟಿಗೆಗೆ ಎಲ್ಲಿಯ ಚಳಿ? ಆದರೆ ಕಟ್ಟಿಕೊಂಡವಳೇ ಬಂದು ಕೇಳಿದರೆ ಇಲ್ಲ ಎನ್ನಲು ಬಾಯಾದರೂ ಹೇಗೆ ಬಂದೀತು?

“ಅದು ಅವನದು ತಂಗಿ. ಅವನನ್ನೇ ಕೇಳು,” ಎಂದು ಮಗುವನ್ನು ಮುಂದೆ ತಳ್ಳಿ, ಹೆಸರಿಟ್ಟ ವಿಷಯ ಹೇಳಿದಳು.

ಸಿಗ್ನೆಯ ಮುಖ ಕೆಂಪೇರಿತು. “ಇವನನ್ನಾ? ಕೇಳ್ತೀನಿ ಬಿಡಿ.” ಕೋಟಿನ ಮಾತು ಎಲ್ಲಿಗೋ ಹೋಯಿತು. “ನಾನು ಏಳೋದ್ರೊಳಗೆ ಹೊರಟೇಬಿಟ್ಯಲ್ಲ, ಹೋಗ್ಬರ್ತೀನಿ ಅನ್ನೋಕೆ ಏನಾಗಿತ್ತು ನಿಂಗೆ? ಎಷ್ಟು ಕ್ರಿಸ್‌ಮಸ್ ಕಾದೆ ಗೊತ್ತಾ? ಯಾಕೆ ಬರ್ಲಿಲ್ಲ?”

“ಮಂಜಿತ್ತು,” ಎಂದಿತು ಮಗು. “ಕಾಣ್ಲಿಲ್ಲ.”

ಸಿಗ್ನೆ ನೆಲದ ಮೇಲೆ ಕುಸಿದು ಕೂತು ಅತ್ತಳು. ಪತ್ರಿಕೆಯವರ ಮುಂದೆ ಇಷ್ಟು ವರ್ಷ ಬಿಗಿಹಿಡಿದದ್ದೆಲ್ಲ ಹೊರಬಂತು. ಅಸಿಯಾನಾಳೂ ಅತ್ತಳು, ನಾಚಿಕೆಯೇನು ಅದರಲ್ಲಿ. ಮಗು ಮಾತ್ರ ಒಳಗೋಡಿ ಕೋಟನ್ನು ಎಳೆದು ತಂದು ಸಿಗ್ನೆಯ ಹೆಗಲಿಗೆ ಹಾಕಿತು.

“ತಗೋ. ನಡುಗ್ತಾ ಇದೀಯ ನೀನು.”

ಹೊರಗೆ ಅವಳನ್ನು ಕರೆದೊಯ್ಯಬೇಕಿದ್ದ ವಿಮಾನ ಗುಡುಗತೊಡಗಿತು. ಸಿಗ್ನೆ ಕೋಟನ್ನು ಒಮ್ಮೆ ಮುಖಕ್ಕೊತ್ತಿಕೊಂಡು, ಮತ್ತೆ ಮಗುವಿಗೇ ಹೊದಿಸಿ, ಕೋಟಿನ ಕುಲಾವಿಯ ದಾರ ಬಿಗಿಯಾಗಿ ಕಟ್ಟಿದಳು. ಮ್ಯೂಸಿಯಮ್ಮಿನವರಿಗೆ ಮನೆಯಲ್ಲಿರುವ ಅವನ ಹಾರಾಟದ ಕನ್ನಡಕ ಸಾಕು ಅಂದಳು. ಬಾಗಿಲವರೆಗೆ ಹೋದವಳು ತಿರುಗಿ ಬಂದು, ಬೆರಳೆತ್ತಿ ಗದರಿದಳು.

“ನೋಡು, ನಾನು ಹೇಳಿ ಹೋಗ್ತಿದೀನಿ. ಹೀಗೆ ಹೇಳ್ಬೇಕು, ಕಲ್ತ್ಕೋ. ಹೋಗ್ಬರ್ತೀನಿ.”