ಅವಳ ಬಟ್ಟೆಗೆ ಹೊಂದುವ ಬಣ್ಣ

ಸ್ವೆಟರಿನ ಎಡತೋಳು ಬಲತೋಳಿಗಿಂತ ಒಂದು ಬೆರಳಿನಷ್ಟು ಉದ್ದವಾಗಿತ್ತು. ಅವನು ಎರಡನ್ನೂ ಊಟದ ಮೇಜಿನ ಮೇಲೆ ಪಕ್ಕಪಕ್ಕ ಹಾಸಿ, ಎಳೆದು, ಸವರಿ, ಮತ್ತೆ ಎಳೆದ. ಉದ್ದವಾದದ್ದು ಉದ್ದವಾಗಿಯೇ ಉಳಿಯಿತು. ಬಿಚ್ಚಿ ಹೊಸದಾಗಿ ಹೆಣೆಯಲು ಹೊತ್ತಿರಲಿಲ್ಲ. ಸಂಜೆ ಕಾರು ಬರುತ್ತದೆ. ಅದರಲ್ಲಿ ಹೆಂಡತಿ ಹೋಗುತ್ತಾಳೆ.

ತುದಿ ಮಡಚಿಕೊಂಡರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡ. ಅವಳಿಗೆ ತಿಳಿಯುತ್ತದೆ. ಆದರೆ ಅವಳು ಹೇಳುವುದಿಲ್ಲ. ಈಚೆಗೆ ಅವಳು ಯಾವ ತಪ್ಪನ್ನೂ ಎತ್ತಿ ಆಡುತ್ತಿರಲಿಲ್ಲ. ಒದ್ದೆ ಟವೆಲ್ಲು ಹಾಸಿಗೆಯ ಮೇಲೆ ಬಿದ್ದಿದ್ದರೆ ಸುಮ್ಮನೆ ಎತ್ತಿ ಹಾಕುತ್ತಿದ್ದಳು. ಮೊದಲಾದರೆ ಅದಕ್ಕೊಂದು ಜಗಳವಾಗುತ್ತಿತ್ತು. ಆ ಜಗಳ ಯಾವಾಗ ನಿಂತಿತೆಂದು ಅವನಿಗೆ ಗೊತ್ತಾಗಿರಲಿಲ್ಲ. ನಿಂತದ್ದು ಗೊತ್ತಾದಾಗ ನೆಮ್ಮದಿಯೆಂದೇ ಭಾವಿಸಿದ್ದ.

ಬಚ್ಚಲುಮನೆಯ ಚಿಲಕದ ಸದ್ದಾಯಿತು. ಸ್ವೆಟರನ್ನು ಸುರುಳಿ ಸುತ್ತಿ, ಹೆಣಿಗೆಯ ಕಡ್ಡಿಗಳ ಸಮೇತ ಊಟದ ಚೀಲಕ್ಕೆ ತುರುಕಿದ. ಇನ್ನು ಕುತ್ತಿಗೆಯೊಂದು ಬಾಕಿ.

“ಹೊರಟ್ರಾ?” ಎಂದಳು ಅವಳು, ತಲೆ ಒರೆಸಿಕೊಳ್ಳುತ್ತಾ.

“ಹೂಂ. ಬೇಗ ಬರ್ತೀನಿ.”

“ನಿಧಾನ ಬನ್ನಿ. ಕಾರು ಸಂಜೆಗಲ್ವಾ.”

ಮೆಟ್ಟಿಲಿಳಿಯುವಾಗಲೂ ಅವನು ಆ ಮಾತನ್ನು ತಿರುವಿ ತಿರುವಿ ನೋಡುತ್ತಿದ್ದ. ನಿಧಾನ ಬನ್ನಿ ಎಂದರೆ ಆತುರ ಬೇಡ ಎಂದೋ, ಬರದಿದ್ದರೂ ನಡೆಯುತ್ತದೆ ಎಂದೋ?

ಗುಡ್ಡದ ಮೇಲಿನ ಊರೊಂದರ ವಸತಿ ಶಾಲೆಯಲ್ಲಿ ಅವಳಿಗೆ ಮುಖ್ಯೋಪಾಧ್ಯಾಯಿನಿಯ ಕೆಲಸ ಸಿಕ್ಕಿತ್ತು. ಒಂದು ದಿನ ಪಾತ್ರೆ ಒರೆಸುತ್ತಾ, ನೀರು ಬಂತು ಎಂದು ಹೇಳುವ ಧಾಟಿಯಲ್ಲಿ ಅದನ್ನು ಹೇಳಿದ್ದಳು. ಒಳ್ಳೆಯದಾಯಿತು ಎಂದು ಇವನೂ ಅಂದಿದ್ದ. ಅದಾದ ಮೇಲೆ ಅವಳು ಸ್ವಲ್ಪ ಹೊತ್ತು ಅದೇ ತಟ್ಟೆಯನ್ನು ಒರೆಸುತ್ತಾ ನಿಂತಿದ್ದಳು. ಏನನ್ನೋ ಕಾಯುತ್ತಿದ್ದಳೇ, ಅಥವಾ ತಟ್ಟೆ ನಿಜವಾಗಿಯೂ ಒದ್ದೆಯಾಗಿತ್ತೇ? ಅವತ್ತಿನಿಂದ ಇವತ್ತಿನವರೆಗೆ ಇವನಿಗೆ ಬಗೆಹರಿದಿರಲಿಲ್ಲ.

ಅವನು ಹೋಗಬಹುದಿತ್ತು. ಮಕ್ಕಳುಮರಿ ಇಲ್ಲ. ಅವನು ಕೆಲಸ ಮಾಡುವ ಬಣ್ಣದ ಕಾರ್ಖಾನೆಯವರು ಬಿಡುಗಡೆ ಕೊಡಿ ಎಂದರೆ ಸಂತೋಷವಾಗಿಯೇ ಕೊಡುತ್ತಿದ್ದರು. ಅವಳು ನೀವೂ ಬನ್ನಿ ಅನ್ನಬೇಕು, ಅಷ್ಟೇ. ಇಲ್ಲವೇ ಅವನೇ ನಾನೂ ಬರಲಾ ಎಂದು ಕೇಳಬೇಕು. ಎಷ್ಟೋ ಸಲ ಆ ಮಾತು ನಾಲಿಗೆಯ ತುದಿಯವರೆಗೆ ಬಂದು, ಬೇಡ ಅಂದುಬಿಟ್ಟರೆ ಎಂದು ಹೆದರಿ ವಾಪಸು ಹೋಗಿತ್ತು. ಕೇಳದೆ ಇದ್ದರೆ ಬೇಡ ಎಂದೂ ಆಗುವುದಿಲ್ಲವಲ್ಲ.

ಆಗ ಹೊಳೆದದ್ದು ಸ್ವೆಟರು. ಅಲ್ಲಿ ಚಳಿ ವಿಪರೀತವಂತೆ. ತಾನೇ ಹೆಣೆದ ಸ್ವೆಟರು ದಿನಾ ಅವಳ ಮೈಮೇಲೆ ಇರಬೇಕು, ಎತ್ತಿಟ್ಟು ಮರೆಯುವಂಥದ್ದಾಗಬಾರದು. ಹಾಗಾಗಬೇಕಾದರೆ ಅವಳ ದಿನಬಳಕೆಯ ಬಟ್ಟೆಗೆ ಅದು ಹೊಂದಬೇಕು. ಹೊಂದಿಸುವುದೇ ಅವನ ಕಸುಬು. ರಸಾಯನಶಾಸ್ತ್ರದಲ್ಲಿ ದೊಡ್ಡ ಪದವಿ ಪಡೆದು, ಈ ಡಬ್ಬದ ಬಣ್ಣವೂ ಆ ಡಬ್ಬದ ಬಣ್ಣವೂ ಒಂದೇ ಹೌದೋ ಅಲ್ಲವೋ ಎಂದು ಹೇಳುವುದರಲ್ಲೇ ಅವನ ತಲೆ ನರೆತಿತ್ತು.

ಅವಳು ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ ಅವಳ ಅಲ್ಮೇರಾ ತೆರೆದು, ಬಣ್ಣಗಳ ಮಾದರಿಯಿರುವ ಕಾರ್ಖಾನೆಯ ಶೇಡ್ ಕಾರ್ಡನ್ನು ಒಂದೊಂದು ಬಟ್ಟೆಯ ಮಗ್ಗುಲಿಗೂ ಹಿಡಿದು ನೋಡಿದ್ದ. ಕಳ್ಳನ ಹಾಗೆ ಬಾಗಿಲ ಕಡೆ ನೋಡುತ್ತಲೇ ಇದ್ದ. ಬೂದು, ಪಾಚಿ ಹಸಿರು, ನಡುನಡುವೆ ಸಾಸಿವೆ ಹಳದಿ. ಆ ಬಣ್ಣಗಳ ಉಲ್ಲನ್ ಹುಡುಕಿಕೊಂಡು ಅಂಗಡಿ ಅಂಗಡಿ ಅಲೆದ. ಅಂಗಡಿಯವನು ಬೇಸತ್ತು, ಸಾರ್, ಇದೂ ಹಸಿರೇ, ಅದೂ ಹಸಿರೇ, ಹಾಕಿಕೊಳ್ಳೋರಿಗೆ ಇಲ್ಲದ ತಕರಾರು ನಿಮಗ್ಯಾಕೆ ಎಂದು ಗೊಣಗಿದ್ದ.

ಹೆಣಿಗೆ ಕಲಿಸಿದವಳು ಕೆಳಗಿನ ಮನೆಯ ಅಜ್ಜಿ. ಅವನ ಕೈಯಲ್ಲಿ ಕಡ್ಡಿ ನೋಡಿದಾಗಲೆಲ್ಲ ಅವಳಿಗೆ ನಗು. “ಏನಪ್ಪಾ ಬಣ್ಣದವನೇ, ಹೆಂಡತಿಗೆ ಸ್ವೆಟರ್ ಹೆಣೀತಿದ್ದೀಯೋ, ಬಲೆ ಹೆಣೀತಿದ್ದೀಯೋ?” ಎಂದು ಕೇಳುವಳು. ಅವನೂ ನಗುತ್ತಿದ್ದ. ಮನೆಗೆ ಬಂದ ಮೇಲೆ ನಗು ಬರುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಅವತ್ತು ಒಂದು ದೂರು ಬಂದಿತ್ತು. ಯಾರೋ ಮನೆಯ ಗೋಡೆಗೆ ಬಿಳಿ ಬಣ್ಣ ಹೊಡೆಸಿದ್ದರು. ಅರ್ಧ ಗೋಡೆಗೆ ಒಂದು ಡಬ್ಬ, ಉಳಿದರ್ಧಕ್ಕೆ ಇನ್ನೊಂದು. ಈಗ ನಡುಗೋಡೆಯಲ್ಲಿ ಗೆರೆ ಕಾಣುತ್ತದೆಯಂತೆ. ಎರಡೂ ಡಬ್ಬದ ಬಣ್ಣವನ್ನು ತಗಡಿನ ಮೇಲೆ ಬಳಿದು, ಒಣಗಿಸಿ, ಬಣ್ಣ ಹೋಲಿಸುವ ದೀಪದ ಪೆಟ್ಟಿಗೆಯೊಳಗೆ ಇಟ್ಟು ನೋಡಿದ. ಒಂದರಲ್ಲಿ ಎಳ್ಳಿನಷ್ಟು ನೀಲಿ ಹೆಚ್ಚಿತ್ತು. ಕಂಡ ಕೂಡಲೇ ಗೊತ್ತಾಯಿತು. ಗೊತ್ತಾಗುವುದರಲ್ಲಿ ಅವನಿಗೆ ಇನ್ನೂ ಒಂದು ಸುಖವಿತ್ತು.

ಮೇಲಧಿಕಾರಿ ಹಿಂದೆ ಬಂದು ನಿಂತರು. ತಗಡುಗಳನ್ನು ನೋಡಿದರು, ನಂತರ ಅವನನ್ನು.

“ಮೇಡಂ ಇವತ್ತು ಹೊರಟ್ರಂತೆ?”

“ಹೌದು ಸರ್.”

“ನೀವು ಯಾವಾಗ?”

“ನೋಡಬೇಕು.”

“ಅದೂ ಸರಿ ಅನ್ನಿ. ಇಲ್ಲಿ ಮನೆ ನೋಡ್ಕೊಳ್ಳೋಕೂ ಒಬ್ಬರು ಬೇಕಲ್ಲ.”

ಎಲ್ಲರೂ ಅವನ ಪರವಾಗಿ ಉತ್ತರ ಹುಡುಕಿಕೊಡುತ್ತಿದ್ದರು. ಅವನು ತಲೆಯಾಡಿಸಿದ. ಮನೆಯನ್ನು ನೋಡಿಕೊಳ್ಳುವುದೆಂದರೆ ಏನು? ಗೋಡೆಯೆದುರು ಕುರ್ಚಿ ಹಾಕಿಕೊಂಡು ಕೂರುವುದೇ?

ಮೇಲಧಿಕಾರಿ ಹೋದ ಮೇಲೆ, ಬೆಳಿಗ್ಗೆ ಅವಳು ಯಾವ ಬಣ್ಣದ ಬಟ್ಟೆಯಲ್ಲಿದ್ದಳು ಎಂದು ಸುಮ್ಮನೆ ನೆನೆಸಿಕೊಳ್ಳಹೊರಟ. ಟವೆಲ್ಲು ಕಂಡಿತು. ಒದ್ದೆ ಕೂದಲು ಕಂಡಿತು. ಕತ್ತಿನಿಂದ ಕೆಳಗೆ ನೆನಪಿನಲ್ಲಿ ಏನೂ ಇರಲಿಲ್ಲ. ನಿನ್ನೆ? ಮೊನ್ನೆ ನೆಂಟರ ಮನೆಗೆ ಹೋದಾಗ? ನೆಂಟರ ಮನೆಯ ಪರದೆಯ ಬಣ್ಣ ನೆನಪಿತ್ತು, ಸೋಫಾದ್ದು ನೆನಪಿತ್ತು. ಸೋಫಾದ ಮೇಲೆ ಕೂತಿದ್ದವಳ ಜಾಗದಲ್ಲಿ ಬಣ್ಣವಿಲ್ಲದ ಒಂದು ಆಕಾರ. ಹಸಿರೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಅಲ್ಮೇರಾದ ತುಂಬ ಹಸಿರೇ ತಾನೇ ಇದ್ದದ್ದು.

ಊಟದ ಹೊತ್ತಿಗೆ ಎಲ್ಲರೂ ಕ್ಯಾಂಟೀನಿಗೆ ಹೋದರು. ಅವನು ಕದ ಹಾಕಿಕೊಂಡು ಸ್ವೆಟರಿನ ಕುತ್ತಿಗೆಗೆ ಕೈಹಚ್ಚಿದ. ಕೊನೆಯ ಸಾಲಿನ ಕುಣಿಕೆಗಳನ್ನು ಒಂದರೊಳಗೊಂದು ತೂರಿಸಿ ಮುಚ್ಚಬೇಕು. ಬಿಚ್ಚಿಕೊಂಡರೆ ಎಂಬ ಭಯಕ್ಕೆ ಒಂದೊಂದನ್ನೂ ಹಲ್ಲು ಕಚ್ಚಿ ಬಿಗಿದ. ದಾರ ಬೆರಳಿಗೆ ಕೊರೆದು ಗೆರೆ ಮೂಡಿತು. ಗಂಟು ಹಾಕಿ, ಮೇಲೊಂದು ಗಂಟು ಹಾಕಿ, ತುದಿಯನ್ನು ಕತ್ತರಿಸಿದ. ಅಲ್ಲಿಗೆ ಮುಗಿಯಿತು.

ಸ್ವೆಟರನ್ನು ದೀಪದ ಪೆಟ್ಟಿಗೆಯೊಳಗೆ ಹಾಸಿ ಒಂದೊಂದೇ ದೀಪ ಹಾಕಿ ನೋಡಿದ. ಹಗಲಿನ ಬೆಳಕಿನಂಥದ್ದು, ಅಂಗಡಿಯ ಬೆಳಕಿನಂಥದ್ದು, ಮನೆಯ ಬಲ್ಬಿನಂಥದ್ದು. ಯಾವ ಬೆಳಕಿನಲ್ಲೂ ಬಣ್ಣ ಕೈಕೊಡಲಿಲ್ಲ. ಚಂದವಾಗಿತ್ತು. ನಿಜಕ್ಕೂ ಚಂದವಾಗಿತ್ತು. ಅವಳು ಇದನ್ನು ತೊಟ್ಟು ಕನ್ನಡಿಯ ಮುಂದೆ ನಿಲ್ಲುತ್ತಾಳೆ. ನಿಂತಾಗ ಏನೋ ಆಗುತ್ತದೆ. ಆದ ಮೇಲೆ ತಾನಾಗಿ ಕೇಳುತ್ತಾಳೆ. ಇಷ್ಟು ಬಣ್ಣ ಹೊಂದಿಸಿದವನನ್ನು ಬಿಟ್ಟುಹೋಗಲು ಯಾರಿಗಾದರೂ ಹೇಗೆ ಮನಸ್ಸು ಬಂದೀತು? ಅರ್ಧ ದಿನ ರಜ ಹೇಳಿ ಹೊರಬಿದ್ದರೂ ಮನೆ ಮುಟ್ಟುವಾಗ ಬಿಸಿಲು ಇಳಿದಿತ್ತು.

ಮೆಟ್ಟಿಲ ಬುಡದಲ್ಲಿ ಅಜ್ಜಿ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ಸ್ವೆಟರು ತೋರಿಸಿದ. ತಿರುಗಿಸಿ ನೋಡಿ, ತೋಳಿನ ವಿಷಯ ಎತ್ತದೆ ಅವನ ಕೈಗೆ ವಾಪಸು ಕೊಟ್ಟಳು.

“ಕೊಡೋವಾಗ ಬಾಯಿಬಿಟ್ಟು ಏನಾದ್ರೂ ಹೇಳಪ್ಪಾ,” ಎಂದಳು. “ಸ್ವೆಟರಿಗೆ ಬಾಯಿಲ್ಲ.”

“ಏನು ಹೇಳೋದು ಅಜ್ಜಿ?”

“ಅದನ್ನೂ ನಾನೇ ಕಲಿಸಬೇಕಾ?”

ಮನೆಯ ಬಾಗಿಲು ತೆರೆದೇ ಇತ್ತು. ಅವಳು ಕೋಣೆಯ ನೆಲದ ಮೇಲೆ ಮಂಡಿಯೂರಿ ಪೆಟ್ಟಿಗೆ ತುಂಬುತ್ತಿದ್ದಳು. ಕಡುನೇರಳೆ ಅಂಗಿ ತೊಟ್ಟಿದ್ದಳು. ಮೊಣಕೈಯ ಹತ್ತಿರ ಬಣ್ಣ ಮಾಸಿತ್ತು.

“ಹೊಸದಾ?” ಎಂದ.

“ಯಾವುದು?”

“ಹಾಕ್ಕೊಂಡಿರೋದು.”

ಅವಳು ತನ್ನನ್ನು ತಾನೇ ಒಮ್ಮೆ ನೋಡಿಕೊಂಡಳು. “ಇದಾ? ಹಳೇದು. ವಾರಕ್ಕೆರಡು ಸಲ ಹಾಕ್ತೀನಲ್ಲ.” ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಪೆಟ್ಟಿಗೆಯೊಳಗೆ ಬಗ್ಗಿ ನೋಡಿದ. ಅಲ್ಲಿದ್ದದ್ದು ಕಡುನೀಲಿ, ದಾಳಿಂಬೆ ಕೆಂಪು, ನೇರಳೆ, ಕಪ್ಪು. ಯಾವುದೋ ಅಪರಿಚಿತ ಹೆಂಗಸಿನ ಬಟ್ಟೆಗಳ ಹಾಗೆ ಅಚ್ಚುಕಟ್ಟಾಗಿ ಮಡಚಿಕೊಂಡು ಮಲಗಿದ್ದವು. ಬೂದು ಇರಲಿಲ್ಲ. ಪಾಚಿಯೂ ಇರಲಿಲ್ಲ. ಆದರೂ ಕೈ ಚೀಲದೊಳಗೆ ಹೋಯಿತು, ಸ್ವೆಟರು ಹೊರಗೆ ಬಂತು.

“ನಿನಗೆ,” ಎಂದ. “ನಾನೇ ಹೆಣೆದದ್ದು.”

ಅವಳು ಕೈ ಒರೆಸಿಕೊಂಡು ತೆಗೆದುಕೊಂಡಳು. ಹರವಿ ನೋಡಿದಳು. ಅವಳ ಮುಖದಲ್ಲಿ ಏನೋ ಬಂದು ಹೋಯಿತು. ಅದೇನೆಂದು ಅವನು ಹಿಡಿಯುವುದರೊಳಗೆ ಹೋಗಿಬಿಟ್ಟಿತು.

“ಇಷ್ಟೊಂದು ಕೆಲಸ. ಯಾವಾಗ ಮಾಡಿದ್ರಿ?”

“ನಿನ್ನ ಬಟ್ಟೆಗೆ ಹೊಂದಿಸಿದೀನಿ. ದಿನಾ ಹಾಕ್ಕೋಬಹುದು.”

“ನನ್ನ ಬಟ್ಟೆಗಾ?”

ಅವನು ಎದ್ದು ಅಲ್ಮೇರಾ ತೆರೆದ. ಬೂದು, ಪಾಚಿ ಹಸಿರು, ಸಾಸಿವೆ ಹಳದಿ ಎಲ್ಲವೂ ಇದ್ದಲ್ಲೇ ಇದ್ದವು. ಒಂದೂ ಕದಲಿರಲಿಲ್ಲ. “ನೋಡು,” ಎಂದ. ಆ ಹೊತ್ತಿಗೆ ಅವನಿಗೇ ಗೊತ್ತಾಗಿತ್ತು. ಕೈ ಮಾತ್ರ ಇನ್ನೂ ಬಟ್ಟೆಗಳತ್ತ ಚಾಚಿಕೊಂಡಿತ್ತು.

“ಅವು ಬಿಟ್ಟು ಹೋಗೋವು ರೀ,” ಎಂದಳು ಅವಳು ಮೆಲ್ಲಗೆ. “ಅವನ್ನ ಹಾಕಿ ವರ್ಷಗಳಾದವು. ಯಾರಿಗಾದ್ರೂ ಕೊಡೋಣ ಅಂತ ಮುಂದೆ ಜೋಡಿಸಿಟ್ಟಿದ್ದೆ. ದಿನಾ ಹಾಕೋ ಬಟ್ಟೆ ಅಲ್ಮೇರಾದಲ್ಲಿ ಎಲ್ಲಿರುತ್ತೆ? ಮೈಮೇಲಿರುತ್ತೆ, ಇಲ್ಲ ಒಣಗೋ ಹಗ್ಗದ ಮೇಲಿರುತ್ತೆ, ಇಲ್ಲ ಇಸ್ತ್ರಿಯವನ ಹತ್ರ ಇರುತ್ತೆ.”

ಸರಿಯೇ. ಮೈಮೇಲೆ. ಅಲ್ಲಿಯೇ ನೋಡಬೇಕಿತ್ತು. ಅವಳು ಮನೆಯಲ್ಲಿಲ್ಲದ ಹೊತ್ತು ನೋಡಿ, ಅವಳಿಲ್ಲದ ಜಾಗದಲ್ಲಿ ಹುಡುಕಿ, ಅವಳು ಬಿಟ್ಟ ಬಣ್ಣಗಳನ್ನೆಲ್ಲ ಒಂದೂ ತಪ್ಪದಂತೆ ಆರಿಸಿ ತಂದಿದ್ದ. ಕೆಲಸದಲ್ಲಿ ಲೋಪವಿರಲಿಲ್ಲ. ಅವನಿಗೆ ನಗು ಬಂತು. ಅವಳು ನಗಲಿಲ್ಲ, ಹಾಗಾಗಿ ಅವನೂ ನುಂಗಿಕೊಂಡ.

“ಇರಲಿ ಬಿಡಿ,” ಎಂದಳು. “ಚಳಿಗೆ ಬಣ್ಣ ಯಾರು ಕೇಳ್ತಾರೆ. ಹಾಕಿ ನೋಡ್ತೀನಿ.”

ತೋಳುಗಳನ್ನು ತೂರಿಸಿ, ತಲೆ ಬಗ್ಗಿಸಿ ಒಳಹೊಕ್ಕಳು. ಹಣೆಯವರೆಗೆ ಹೋಯಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ಅವಳು ಒಮ್ಮೆ ಎಳೆದಳು. ಅವನೂ ಒಂದು ಕೈ ಕೊಟ್ಟು ಎಳೆದ. ಉಲ್ಲನ್ನಿನೊಳಗಿಂದ ಅವಳು, ಸಾಕು, ಕಿವಿ ನೋಯ್ತಿದೆ ಎಂದಳು. ಬಿಡಿಸಿಕೊಂಡು ಹೊರಬಂದಾಗ ಕೂದಲು ಕೆದರಿತ್ತು, ಹಣೆಯ ಮೇಲೆ ಕೆಂಪು ಗೆರೆ. ಕುಣಿಕೆಗಳ ಬಿಗಿ ಅಲ್ಲಿ ಅಚ್ಚೊತ್ತಿತ್ತು.

“ಕುತ್ತಿಗೆ ಸ್ವಲ್ಪ ಬಿಗಿ ಆಯ್ತು.”

“ಅಲ್ಲಿ ಹೋಗಿ ಸಡಿಲ ಮಾಡಿಸ್ಕೋತೀನಿ.”

“ನಾನೇ ಮಾಡ್ತೀನಿ.”

“ಹೊತ್ತೆಲ್ಲಿದೆ ರೀ.”

ಅವಳು ಸ್ವೆಟರನ್ನು ಪೆಟ್ಟಿಗೆಯೊಳಗೆ ಇಡಲಿಲ್ಲ. ಆಚೆಗೂ ಇಡಲಿಲ್ಲ. ಮಂಚದ ಅಂಚಿನ ಮೇಲೆ ಇಟ್ಟಳು. ಅವನು ಅದನ್ನೇ ನೋಡುತ್ತಾ ಕೇಳಿದ:

“ಅಲ್ಲಿ ಮನೆ ಎಷ್ಟು ದೊಡ್ಡದು?”

“ಸಾಕಾಗುತ್ತೆ.”

“ಒಬ್ಬರಿಗಾ?”

ಅವಳು ಪೆಟ್ಟಿಗೆಯ ಮುಚ್ಚಳ ಒತ್ತುತ್ತಿದ್ದಳು. “ಎರಡು ಕಿಟಕಿ ಇದೆಯಂತೆ,” ಎಂದಳು. ಸ್ವಲ್ಪ ತಡೆದು, “ನಿಮಗೆ ಚಳಿ ಆಗಲ್ಲವಲ್ಲ,” ಎಂದೂ ಸೇರಿಸಿದಳು.

ಇದು ಕರೆಯೋ, ನೆಪವೋ? ಒಂದೇ ಒಂದು ಮಾತು. ಈಗ ಕೇಳಿದರೆ ಕೇಳಿದ ಹಾಗೆ. ಅವನು ಬಾಯಿ ತೆರೆದ. ಕೆಳಗೆ ಕಾರಿನ ಹಾರನ್ ಆಯಿತು. ತೆರೆದ ಬಾಯಿಗೆ ಏನಾದರೂ ಕೆಲಸ ಬೇಕಲ್ಲ.

“ಎಳೆದ್ರೆ ಸಡಿಲ ಆಗುತ್ತೆ,” ಎಂದ. “ನನ್ನ ತಲೆ ದೊಡ್ಡದು. ನಾನೊಂದು ಸಲ ತೂರಿಸಿಬಿಟ್ರೆ ಆಮೇಲೆ ನಿನಗೆ ಸಲೀಸು. ಒಂದು ನಿಮಿಷ. ಒಂದೇ ನಿಮಿಷ.”

ಅವಳು ಬೇಡ ಅನ್ನುವಷ್ಟರಲ್ಲಿ ತೋಳುಗಳನ್ನು ತೂರಿಸಿ ತಲೆ ಒಳಗೆ ಹಾಕಿದ್ದ. ಬಲವಾಗಿ ನೂಕಿದ. ಕನ್ನಡಕ ಮೂಗಿನ ಮೇಲೆ ಅಡ್ಡ ತಿರುಗಿತು. ಇನ್ನೂ ನೂಕಿದ. ಕುತ್ತಿಗೆ ಅವನ ಹುಬ್ಬಿನ ಮೇಲೆ ಹಿಡಿದು ನಿಂತಿತು. ಹಿಂದಕ್ಕೆ ಎಳೆದುಕೊಳ್ಳಹೋದರೆ ತೋಳುಗಳು ಬರಲಿಲ್ಲ. ಅವನ ಹೆಗಲಿಗೆ ಅವು ಕಿರಿದು. ಎರಡೂ ಕೈ ಮೇಲೆತ್ತಿಕೊಂಡು ನಿಂತ.

ಒಳಗೆ ಕತ್ತಲೆಯೇನೂ ಇರಲಿಲ್ಲ. ಕುಣಿಕೆ ಕುಣಿಕೆಯ ನಡುವೆ ಬೆಳಕಿನ ಚೂರುಗಳಿದ್ದವು. ಕಣ್ಣಿಗೆ ತಾಗುವಷ್ಟು ಹತ್ತಿರದಲ್ಲಿ ಬಣ್ಣ ಬದಲಿಸಿದ ಜಾಗದ ಗಂಟುಗಳು, ಕತ್ತರಿಸಿದ ದಾರದ ತುದಿಗಳು ಜೋತಿದ್ದವು. ಯಾರೂ ನೋಡುವುದಿಲ್ಲವೆಂದು ಅವನು ಹಾಗೇ ಬಿಟ್ಟಿದ್ದ ಮಗ್ಗುಲು. ಇಲ್ಲಿ ಯಾವ ಬಣ್ಣವೂ ಯಾವುದಕ್ಕೂ ಹೊಂದಿರಲಿಲ್ಲ. ಉಸಿರಾಡಿದರೆ ಉಣ್ಣೆಯ ಎಳೆ ಬಾಯಿಗೆ ಬರುತ್ತಿತ್ತು.

ಅವಳು ಏನೋ ಹೇಳಿದಳು. ಕಿವಿಗೆ ಉಲ್ಲನ್ ಬಿಗಿದಿತ್ತು. ರೀ ಎಂದದ್ದು ಕೇಳಿಸಿತು, ಮುಂದಿನದು ಕೇಳಿಸಲಿಲ್ಲ. ಅದರ ಕೊನೆ ಏರಿತೋ ಇಳಿಯಿತೋ, ಅದೂ ತಿಳಿಯಲಿಲ್ಲ.

“ಏನು?” ಎಂದ. ಅವನ ದನಿ ಅವನ ಬಾಯಿಗೇ ಬಿಸಿಯಾಗಿ ಬಂದು ಬಡಿಯಿತು.

“ನಾನೂ ಬರಲಾ?” ಎಂದ.

ಪೆಟ್ಟಿಗೆ ನೆಲಕ್ಕೆ ಉಜ್ಜಿದ ಸದ್ದು. ಆಮೇಲೆ ಕಾಲಸಪ್ಪಳ, ಬಾಗಿಲ ಕಡೆಗೋ, ತನ್ನ ಕಡೆಗೋ. ಹೆಗಲಿಗೆ ಏನೋ ತಾಕಿದಂತಾಯಿತು. ಅವಳ ಕೈಯಿರಬಹುದು, ತೆರೆದಿದ್ದ ಅಲ್ಮೇರಾದ ಕದವಿರಬಹುದು. ಅವನು ಅಲುಗಲಿಲ್ಲ. ಅಲುಗಿದರೆ ಅದು ಯಾವುದೆಂದು ಗೊತ್ತಾಗಿಬಿಡುತ್ತಿತ್ತು.

ಕೆಳಗೆ ಮತ್ತೆ ಹಾರನ್ ಆಯಿತು. ಎತ್ತಿದ ಕೈಗಳು ನೋಯತೊಡಗಿದವು. ತೋಳಿನ ತುದಿಗಳಿಂದ ಬೆರಳುಗಳಷ್ಟೇ ಹೊರಗೆ ಚಾಚಿಕೊಂಡು, ಯಾರದೋ ಮುಖವನ್ನು ತಡವುವಂತೆ, ಗಾಳಿಯಲ್ಲಿ ಮೆಲ್ಲಗೆ ಆಡುತ್ತಿದ್ದವು.