ಚಂದ್ರಿಯ ಕೆಚ್ಚಲು, ಚಿಕ್ಕಲಕ್ಷ್ಮಮ್ಮನ ಮಂಡಿ

ಚಿಕ್ಕಲಕ್ಷ್ಮಮ್ಮನಿಗೆ ಕಾಯಿಲೆಯ ಹೆಸರು ಗೊತ್ತಾಗುವ ಹೊತ್ತಿಗೆ ಕಾಯಿಲೆಗೆ ಎಂಟು ತಿಂಗಳು ತುಂಬಿತ್ತು. ಸಕಲೇಶಪುರದ ಕಡೆ ಕೊಟ್ಟ ಮಗಳ ಮನೆಗೆ ಹೋದವಳು ಸುಮ್ಮನೆ ಕೂರಲಾರದೆ ಕಾಡಂಚಿನಲ್ಲಿ ಎರಡು ದಿನ ಸೌದೆ ಆಯ್ದು ಬಂದಿದ್ದಳು. ಮೊಣಕಾಲಿನ ಹಿಂದೆ ಒಂದು ಉಣ್ಣೆ ಕಚ್ಚಿಕೊಂಡಿತ್ತು. ದನದ ಮೈಯಿಂದ ದಿನಕ್ಕೆ ಇಪ್ಪತ್ತು ಉಣ್ಣೆ ಕಿತ್ತು ಹೊಸಕುವ ಹೆಂಗಸಿಗೆ ಒಂದು ಉಣ್ಣೆ ಏನು ಮಹಾ? ಕಿತ್ತೆಸೆದು ಮರೆತಳು. ವಾರದ ಮೇಲೆ ಅಲ್ಲಿ ಬಳೆಯಷ್ಟು ಅಗಲಕ್ಕೆ ಕೆಂಪು ಉಂಗುರ ಎದ್ದಿತು. ಹುಳಕಡ್ಡಿ ಎಂದುಕೊಂಡು ಮಲ್ಲಿಪಟ್ಟಣದ ಅಂಗಡಿಯಿಂದ ಮುಲಾಮು ತರಿಸಿ ಹಚ್ಚಿದಳು. ಉಂಗುರ ತನ್ನಷ್ಟಕ್ಕೆ ಮಾಯವಾಯಿತು, ಹೆಸರು ಮುಲಾಮಿಗೆ ಬಂತು.

ಆಮೇಲೆ ಜ್ವರ, ಮೈಕೈ ನೋವು, ಕೊನೆಗೆ ಬಲ ಮಂಡಿ ತೆಂಗಿನಕಾಯಿಯಷ್ಟು ಊದಿತು. ಒಬ್ಬರು ಚಿಕೂನ್‌ಗುನ್ಯಾ ಎಂದರು, ಇನ್ನೊಬ್ಬರು ವಾತ ಎಂದರು, ಮೂರನೆಯವರು ವಯಸ್ಸು ಎಂದುಬಿಟ್ಟರು. ಐವತ್ತೆಂಟಕ್ಕೇ ವಯಸ್ಸು ಅನ್ನಿಸಿಕೊಂಡದ್ದಕ್ಕೆ ಅವಳಿಗೆ ನೋವಿಗಿಂತ ಸಿಟ್ಟು ಜಾಸ್ತಿಯಾಯಿತು. ಹಾಸನದ ಡಾಕ್ಟರೊಬ್ಬರು ಮಾತ್ರ ಕೂರಿಸಿಕೊಂಡು ಉಣ್ಣೆಯ ಕತೆ ಪೂರ್ತಿ ಕೇಳಿದರು. ಮಂಡಿಯ ನೀರು ತೆಗೆದರು, ರಕ್ತವನ್ನು ದೊಡ್ಡ ಲ್ಯಾಬಿಗೆ ಕಳಿಸಿದರು. ಇದು ಲೈಮ್ ಎಂಬ ಕಾಯಿಲೆ, ಕಾಡಿನ ಕೆಲವು ಉಣ್ಣೆಗಳಿಂದ ಬರುತ್ತದೆ, ನಮ್ಮ ಕಡೆ ಅಪರೂಪ ಎಂದರು. ಒಂದು ತಿಂಗಳು ಮಾತ್ರೆ ನುಂಗಿದ ಮೇಲೆ ಬಾವು ಇಳಿಯಿತು. ಮಂಡಿ ಮಾತ್ರ ಮಡಚಲಿಲ್ಲ.

"ರೋಗದ ಔಷಧಿ ಮುಗೀತಮ್ಮ," ಎಂದರು ಡಾಕ್ಟರು. "ಕೀಲಿನ ಸುತ್ತ ಇರೋ ನಾರು, ಸ್ನಾಯು ಪೆಟ್ಟು ತಿಂದಿವೆ. ಅವು ಗಟ್ಟಿಯಾಗಬೇಕು. ಮೊಟ್ಟೆ, ಬೇಳೆ, ಕಾಳು ತಿನ್ನಿ. ನೆಲ್ಲಿಕಾಯಿ, ಸೀಬೆಹಣ್ಣು ತಿನ್ನಿ. ದಿನಾ ವ್ಯಾಯಾಮ ಮಾಡಿ. ತಿಂಗಳುಗಟ್ಟಲೆ ಹಿಡಿಯುತ್ತೆ, ಅವಸರ ಮಾಡಬೇಡಿ."

ಅವಸರ ಇದ್ದದ್ದು ಚಂದ್ರಿಗೆ. ಚಂದ್ರಿ ನಾಟಿ ಹಸು, ಗಬ್ಬವಾಗಿತ್ತು, ಶ್ರಾವಣದಲ್ಲಿ ಕರು ಹಾಕಬೇಕು. ಚಿಕ್ಕಲಕ್ಷ್ಮಮ್ಮನ ಕೈ ಬಿಟ್ಟು ಇನ್ನೊಬ್ಬರ ಕೈಗೆ ಅದು ಹಾಲು ಬಿಟ್ಟದ್ದಿಲ್ಲ. ಕುಳ್ಳ ಹಸುವಾದ್ದರಿಂದ ಸ್ಟೂಲು ಹಾಕಿಕೊಂಡು ಕರೆಯಲೂ ಆಗದು. ಕುಕ್ಕರಗಾಲಲ್ಲಿ ಕೂತು, ತೊಡೆಸಂದಿಗೆ ಚೊಂಬು ಸಿಕ್ಕಿಸಿಕೊಂಡೇ ಕರೆಯಬೇಕು. ಅರಕಲಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಮಗ ಹರ್ಷವರ್ಧನ್ ಲೆಕ್ಕಾಚಾರದ ಮನುಷ್ಯ. "ನೀನು ಕೂರಕಾಗ್ನಿಲ್ಲ ಅಂದ್ರೆ ಚನ್ನರಾಯಪಟ್ಟಣದ ಸಂತೆಗೆ ಒಡ್ಯದೇ ಕಣವ್ವ. ಅದುನ್ನ ಕಟ್ಕಂಡು ಪೂಜೆ ಮಾಡಾನಾ?" ಎಂದಿದ್ದ. ಗಂಡ ಕೆಂಪಣ್ಣ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವನ ಸಂಸಾರದಲ್ಲಿ ಅದು ಒಪ್ಪಿಗೆಯ ಗುರುತು.

ಹಾಗಾಗಿ ರಂಜಿನಿ ಬಂದಳು. ಕೆಳಗಿನ ಕೇರಿಯ ಹುಡುಗಿ, ಮೈಸೂರಲ್ಲಿ ಫಿಸಿಯೋಥೆರಪಿ ಓದಿ ಅರಕಲಗೂಡಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ಅರ್ಧ ಗಂಟೆ ಜಗುಲಿಯ ಮೇಲೆ ವ್ಯಾಯಾಮ ಮಾಡಿಸುತ್ತಿದ್ದಳು. ಯಾರೂ ಅವಳನ್ನು ಒಳಗೆ ಕರೆಯಲಿಲ್ಲ, ಅವಳೂ ಹೊಸಿಲು ದಾಟಲಿಲ್ಲ. ಅವಳ ಉಪಾಯ ಸರಳವಾಗಿತ್ತು. ಎಂಟು ಇಟ್ಟಿಗೆ ಪೇರಿಸಿ ಅದರ ಮೇಲೆ ಕೂತು ಏಳಿಸುವುದು, ಮಂಡಿ ಒಪ್ಪಿದಾಗ ಒಂದು ಇಟ್ಟಿಗೆ ತೆಗೆಯುವುದು.

"ಇದೇನು ಮನೆ ಕೆಡವ್ದಂಗೆ ಒಂದೊಂದೇ ಇಟ್ಗೆ ಕೀಳ್ತಿಯಲ್ಲೇ ತಾಯಿ."

"ಕೆಡವ್ತಿಲ್ಲ ಅಮ್ಮ, ಕಟ್ತಿದೀವಿ. ಉಸುರು ಬುಡಿ, ಕೂತ್ಕಳಿ."

ಮೊದಲ ತಿಂಗಳು ಇಟ್ಟಿಗೆ ಒಂದೇ ಒಂದು ಇಳಿಯಿತು. ಹರ್ಷವರ್ಧನ್ ಮೊಬೈಲಿನಲ್ಲಿ ಹುಡುಕಾಡಿ ಒಂದು ಡಬ್ಬಿ ತರಿಸಿದ. ಕೊಲಾಜೆನ್ ಪುಡಿ, ಹೊರದೇಶದ್ದು, ಕೀಲಿನ ನಾರಿಗೆ ನೇರ ಹೋಗಿ ಸೇರುತ್ತದಂತೆ. ಪುಡಿ ಬೇಕಿಲ್ಲ, ಬೇಳೆ ಸಾಕು ಎಂದು ಡಾಕ್ಟರು ಅಂದದ್ದನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಚಿಕ್ಕಲಕ್ಷ್ಮಮ್ಮ ದಿನಾ ಬೆಳಿಗ್ಗೆ ಒಂದು ಚಮಚ ಪುಡಿಯನ್ನು ಬಿಸಿಹಾಲಿಗೆ ಕದಡಿ ಕುಡಿದಳು. ಮೂರು ತಿಂಗಳಲ್ಲಿ ಇನ್ನೂ ಆರು ಇಟ್ಟಿಗೆ ಇಳಿದವು. ಒಂದೇ ಒಂದು ಉಳಿಯಿತು.

ಆ ಮನೆಯವರು ಶನಿವಾರದ ಒಕ್ಕಲು. ಶನಿವಾರ ಮಾಂಸ ಮೊಟ್ಟೆ ಮುಟ್ಟುವುದಿಲ್ಲ, ಶ್ರಾವಣದ ಶನಿವಾರವಂತೂ ಒಪ್ಪತ್ತು. ಶ್ರಾವಣದ ಮೊದಲ ಶನಿವಾರ ತಲೆಗೆ ನೀರು ಹಾಕಿಕೊಂಡು ಬಂದ ಚಿಕ್ಕಲಕ್ಷ್ಮಮ್ಮನಿಗೆ ಡಬ್ಬಿ ಕೈಗೆತ್ತಿಕೊಂಡಾಗ ಅನುಮಾನ ಬಂತು.

"ರಂಜಿನಿ, ಇದ್ನ ಇವತ್ತು ಕುಡೀಬೋದಾ ನೋಡಿ ಏಳವ್ವ. ಒಂದೊಂದ್ರಲ್ಲಿ ಮೊಟ್ಟೆಗಿಟ್ಟೆ ಸೇರ್ಸಿರ್ತಾರಂತೆ."

ರಂಜಿನಿ ಡಬ್ಬಿ ತಿರುಗಿಸಿದಳು. ಬೆಲೆಯ ಚೀಟಿಯನ್ನು ಉಗುರಿನಿಂದ ಎಬ್ಬಿಸಿದಾಗ ಅಡಿಯಲ್ಲಿ ಮಾಂಸಾಹಾರದ ಕಂದು ಗುರುತು ಕಂಡಿತು. ಪಕ್ಕದಲ್ಲಿ ಇರುವೆಯಂಥ ಅಕ್ಷರದಲ್ಲಿ ಒಂದು ಸಾಲು ಇಂಗ್ಲಿಷ್ ಇತ್ತು. ಅದನ್ನು ಎರಡು ಸಲ ಓದಿದಳು. ಅಷ್ಟು ಓದಿದ ಹುಡುಗಿಗೆ ಒಂದು ಸಾಲಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

"ಮೊಟ್ಟೆ ಇಲ್ಲ ಅಮ್ಮ."

"ಮತ್ಯಾಕೆ ಮಖ ಅಂಗ್ ಮಾಡ್ಕಂಡೆ?"

"ನೀವು ಕೇಳುದ್ರಿ ಅಂತ ಏಳ್ತಿದೀನಿ. ದನದ ಚರ್ಮದಿಂದ ತೆಗ್ದಿರೋ ಪುಡಿ ಇದು."

ಚಿಕ್ಕಲಕ್ಷ್ಮಮ್ಮ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಮತ್ತೆ ತಲೆಗೆ ನೀರು ಸುರಿದುಕೊಂಡಳು, ಮತ್ತೆ ಮುಕ್ಕಳಿಸಿದಳು. ಮೂರು ತಿಂಗಳು ಕುಡಿದದ್ದು ಎಷ್ಟು ಚೊಂಬು ನೀರಿಗೆ ಹೋಗುತ್ತದೆ ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಹರ್ಷವರ್ಧನ್ ಮೊದಲು ರೇಗಿದ, ಆಮೇಲೆ "ಔಸ್ದಿ ಅಂದ್ಮೇಲೆ ಏನೇನೋ ಇರ್ತದೆ, ಬುಡವ್ವ" ಎಂದ. ಕೆಂಪಣ್ಣ ಅಪರೂಪಕ್ಕೆ ಬಾಯಿ ಬಿಟ್ಟ. "ಲೇ ಇವ್ಳೇ, ಯಾರ್ತಾವೂ ಉಸುರ್ಬ್ಯಾಡ. ನೀನೂವೆ ಅಷ್ಟೇ ಕಣವ್ವ ರಂಜಿನಿ."

"ನಾನ್ಯಾರಿಗೆ ಏಳ್ಲಿ?" ಎಂದು ರಂಜಿನಿ ಬ್ಯಾಗು ಎತ್ತಿಕೊಂಡಳು. ಚಿಕ್ಕಲಕ್ಷ್ಮಮ್ಮ ಒದ್ದೆ ಸೀರೆಯಲ್ಲೇ ಅಡ್ಡ ಬಂದು ನಿಂತಳು.

"ನಿಜ ಏಳು. ನನ್ ಮಂಡಿ ಮಡುಚ್ಕಂಡಿದ್ದು ಆ ಪುಡೀನಿಂದ್ಲಾ?"

"ಒಟ್ಟೆಗೆ ಓದ್ಮೇಲೆ ಅದೂ ಬೇಳೆ ತರಾನೇ ಕರಗ್ತದೆ ಅಮ್ಮ, ನೆಟ್ಟಗೆ ಮಂಡಿಗೋಗಿ ಕೂರಲ್ಲ. ಇಟ್ಗೆ ಮೇಲೆ ಕೂತು ಎದ್ದಿದ್ದು ನೀವು. ಪುಡೀನಿಂದ ಒಂಚೂರೂ ಆಗಿಲ್ಲ ಅಂತ ಆಣೆ ಮಾಡಕ್ಕೆ ನನ್ ಕೈಲಾಗಲ್ಲ."

ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು ಎಂದು ಚಿಕ್ಕಲಕ್ಷ್ಮಮ್ಮನಿಗೆ ಅನ್ನಿಸಿತು. ಅಂದಿನಿಂದ ಅವಳು ಡಬ್ಬಿಯನ್ನೂ ಮುಟ್ಟಲಿಲ್ಲ, ಇಟ್ಟಿಗೆಯನ್ನೂ ಮುಟ್ಟಲಿಲ್ಲ. ಕೊಟ್ಟಿಗೆಗೂ ಹೋಗಲಿಲ್ಲ. ಚಂದ್ರಿಯ ಕಣ್ಣಿಗೆ ಬೀಳಲು ಅವಳಿಗೆ ನಾಚಿಕೆಯಾಗುತ್ತಿತ್ತು. ಈ ಮನೆಯಿಂದ ಸಂತೆಗೆ ಹೊಡೆದ ಹಸುಗಳು ಒಂದೊಂದಾಗಿ ನೆನಪಿಗೆ ಬಂದವು. ಅವು ಸಂತೆಯಿಂದ ಮುಂದೆ ಎಲ್ಲಿಗೆ ಹೋದವು ಎಂದು ಅವಳು ಯಾವತ್ತೂ ಕೇಳಿರಲಿಲ್ಲ.

ಗುರುವಾರ ಬೆಳಗಿನ ಜಾವ ಚಂದ್ರಿ ಕರು ಹಾಕಿತು. ಕರು ನಿತ್ರಾಣವಾಗಿತ್ತು, ಎರಡು ಗುಟುಕು ಕುಡಿದು ಮಲಗಿಬಿಟ್ಟಿತು. ಬಿಸಿಲೇರುವಷ್ಟರಲ್ಲಿ ಕೆಚ್ಚಲು ಕಲ್ಲಿನಂತೆ ಬಿಗಿದುಕೊಂಡಿತು. ಕೆಂಪಣ್ಣ ಕರೆಯಲು ಹೋಗಿ ತೊಡೆಗೆ ಒದೆಸಿಕೊಂಡು ಕುಂಟುತ್ತಾ ಬಂದ. ಹಸು ಒಂದೇ ಸಮನೆ ಕೂಗುತ್ತಿತ್ತು.

"ಕೆಚ್ಚಲು ಬಾವು ಬಂದ್ರೆ ಸಂತೇಲೂ ಯಾರೂ ಮೂಸಲ್ಲ," ಎಂದು ಹರ್ಷವರ್ಧನ್ ಜಗುಲಿಯಿಂದ ಕೂಗಿದ. "ಈಗ್ಲೇ ಯಾರ್ನಾದ್ರೂ ಕರ್ಸ್ಲಾ?"

ಯಾರನ್ನು ಎಂದು ಅವನು ಹೇಳಲಿಲ್ಲ. ಚಿಕ್ಕಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೊಂಬು ಹಿಡಿದು ಕೊಟ್ಟಿಗೆಗೆ ನಡೆದಳು. ಬಸ್ಸಿಗೆ ಹೊರಟು, ಹಸುವಿನ ಕೂಗು ಕೇಳಿ ಅದೇ ಹೊತ್ತಿಗೆ ಬಂದ ರಂಜಿನಿ ಉಳಿದಿದ್ದ ಒಂದು ಇಟ್ಟಿಗೆಯನ್ನು ಎತ್ತಿಕೊಂಡು ಹಿಂದೆಯೇ ಓಡಿದಳು.

"ಬ್ಯಾಡ ಮಡಗು," ಎಂದಳು ಚಿಕ್ಕಲಕ್ಷ್ಮಮ್ಮ. ಹಸುವಿನ ಬೆನ್ನು ಹಿಡಿದು ಬರಿ ನೆಲಕ್ಕೆ ಇಳಿದಳು. ಮಂಡಿಯೊಳಗೆ ಏನೋ ಕಟಕ್ಕೆಂದಿತು, ಕಣ್ಣಲ್ಲಿ ನೀರು ಬಂತು, ಆದರೆ ಕೂತಳು. ಚಂದ್ರಿ ಒದೆಯಲಿಲ್ಲ. ಕೂಗುವುದನ್ನು ನಿಲ್ಲಿಸಿ ಕರುವನ್ನು ನೆಕ್ಕತೊಡಗಿತು. ಗಿಣ್ಣುಹಾಲು ದಪ್ಪಗೆ, ಹಳದಿಯಾಗಿ ಚೊಂಬಿಗೆ ಬಿದ್ದಿತು.

ಎರಡು ಮೊಲೆ ಹಗುರಾದ ಮೇಲೆ ಅವಳು ತಲೆಯೆತ್ತದೆ ಮಾತಾಡಿದಳು.

"ನಿಮ್ ತಾತ ತಮ್ಮಯ್ಯ ಇದೇ ಕೊಟ್ಗೇಲಿ ಸತ್ತಿದ್ದ ಅಸ ಒತ್ಕಂಡೋದ. ತಿಂದ ಅಂತ ಊರ್ನೋರು ಅವನ್ನ ಮೂರು ತಿಂಗ್ಳು ಬೀದೀಗೆ ಬುಟ್ಟಿರ್ನಿಲ್ಲ. ನಾನಾಗ ಒಸ್ದಾಗಿ ಬಂದಿದ್ದೆ. ಅಂಗೇ ಆಗ್ಬೇಕು ಅಂದಿದ್ದೆ ಕಣವ್ವ, ಈ ಬಾಯಲ್ಲೇ."

ರಂಜಿನಿ ಇಟ್ಟಿಗೆ ಹಿಡಿದುಕೊಂಡೇ ನಿಂತಿದ್ದಳು. ಈ ಕತೆ ಅವಳಿಗೆ ಹೊಸದೆಂದು ಮುಖದಲ್ಲಿ ಕಾಣಲಿಲ್ಲ.

"ನಾನೂ ಮೂರು ತಿಂಗ್ಳು ಕುಡುದಿವ್ನಿ. ನಂಗೇನ್ ಮಾಡ್ಬೇಕು ಏಳು."

"ನಮ್ ತಾತ ತಿಂದಿದ್ದು ತಪ್ಪಲ್ಲ ಅಮ್ಮ," ಎಂದಳು ರಂಜಿನಿ. "ನೀವು ಕುಡಿದಿದ್ದೂ ತಪ್ಪಲ್ಲ."

ಉಳಿದದ್ದನ್ನು ಅವಳು ಹೇಳಲಿಲ್ಲ. ಚಿಕ್ಕಲಕ್ಷ್ಮಮ್ಮನಿಗೆ ಹೇಳಿಸಿಕೊಳ್ಳಬೇಕಾಗಿಯೂ ಇರಲಿಲ್ಲ. ಕೆಚ್ಚಲು ಪೂರ್ತಿ ಮೆತ್ತಗಾಗುವ ತನಕ ಕರೆದಳು. ಏಳಲು ಹೋದಾಗ ಮಂಡಿ ಗಡಗಡ ನಡುಗಿತು. ರಂಜಿನಿ ಇಟ್ಟಿಗೆ ಕೆಳಗಿಟ್ಟು ಎರಡೂ ಕೈ ಕೊಟ್ಟಳು. ಆ ಕೈಗಳನ್ನು ಹಿಡಿದು ಎದ್ದು ನಿಂತ ಚಿಕ್ಕಲಕ್ಷ್ಮಮ್ಮ ಕೈ ಬಿಡದೆಯೇ ಕೇಳಿದಳು.

"ನಿಮ್ ತಾತ ಎಷ್ಟೊತ್ಗೆ ಮನೇಲಿರ್ತಾರವ್ವ?"